ಪ್ರತಿ ಮೀನಿಗೂ ಬೇರೆ ಪ್ರಶ್ನೆ

ಬೆಂಗಳೂರಿನ ಯಾವುದೇ ದೊಡ್ಡ ಸೂಪರ್‌ಮಾರ್ಕೆಟ್‌ನ ಫ್ರೀಜರ್ ತೆರೆದರೆ ವಿಯೆಟ್ನಾಂನ ಬಾಸಾ ಸಿಗುತ್ತದೆ. ಪಕ್ಕದಲ್ಲಿ ನಾರ್ವೆಯ ಸಾಲ್ಮನ್, ಮೇಲಿನ ಕಪಾಟಿನಲ್ಲಿ ಡಬ್ಬಿಯ ಟ್ಯೂನಾ. ಕರಾವಳಿಯಲ್ಲೂ ಹೊರಗಿನ ಮೀನು ಹೊಸತಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನಗಳಲ್ಲಿ ಒಮಾನಿನ ಬಂಗುಡೆ, ಬೂತಾಯಿ ಮಂಗಳೂರಿನ ಮಾರುಕಟ್ಟೆಗೆ ಬರುತ್ತವೆ, ಜನ ಕೊಂಡು ತಿನ್ನುತ್ತಾರೆ. ಇಂಥ ಮೀನನ್ನು ಅಂಗಡಿಯಿಂದಲೇ ಕೊಂಡು ತಂದು, ಅದರ ಗುಣಮಟ್ಟ ಮತ್ತು ಸುರಕ್ಷತೆ ಪರೀಕ್ಷಿಸಿ ವರದಿ ಬರೆಯುವುದು ಬಹುಕಾಲದಿಂದ ನನ್ನ ಕೆಲಸ. ಈ ಕೆಲಸಕ್ಕೆ ಈಗ ಕಾಲಿಡುವ ಹುಡುಗ ಹುಡುಗಿಯರು ನಾನು ಎಡವಿದಲ್ಲಿ ಎಡವದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮೀನು ಕೊಳ್ಳುವವರಿಗೂ ಇದರಲ್ಲಿ ಒಂದಿಷ್ಟು ಉಪಯೋಗ ಸಿಕ್ಕೀತು.

1. ಮೀನು ಯಾವುದೆಂದು ತಿಳಿದ ಮೇಲೆ ಪರೀಕ್ಷೆ ಆರಿಸಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಬಳಿ ಒಂದೇ ಪಟ್ಟಿ ಇತ್ತು. ಯಾವ ಮೀನು ಬಂದರೂ ಒಟ್ಟು ಬ್ಯಾಕ್ಟೀರಿಯಾ, ಸಾಲ್ಮೊನೆಲ್ಲಾ, ಸೀಸ, ಪಾದರಸ, ಕೊನೆಗೆ ಟಿವಿಬಿ-ಎನ್ ನೋಡುತ್ತಿದ್ದೆ. ಈ ಕೊನೆಯದು ಮೀನು ಕೆಡುವಾಗ ಹುಟ್ಟುವ, ಆವಿಯಾಗಬಲ್ಲ ಸಾರಜನಕಯುಕ್ತ ವಸ್ತುಗಳ ಅಳತೆ. ಕಡಲ ಮೀನಿಗೆ ಜಾತಿ ನೋಡಿ 100 ಗ್ರಾಮಿಗೆ 25ರಿಂದ 35 ಮಿಲಿಗ್ರಾಂ ಎಂಬ ಮಿತಿಯನ್ನು ಐರೋಪ್ಯ ಒಕ್ಕೂಟ ಇಟ್ಟಿದೆ. ನಾನೂ ಅದನ್ನೇ ಹಿಡಿದುಕೊಂಡಿದ್ದೆ. ಒಂದು ದಿನ ಬಾಸಾ ತುಂಡುಗಳು ಬಂದವು. ಕರಗಿಸಿದಾಗ ಒಂಥರಾ ಕೊಳೆತ ಕೆಸರಿನ ವಾಸನೆ. ಟಿವಿಬಿ-ಎನ್ ಮಾತ್ರ ಮಿತಿಗಿಂತ ಎಷ್ಟೋ ಕೆಳಗೆ. ಮೂಗು ಹೇಳಿದ್ದನ್ನು ಬಿಟ್ಟು ಅಂಕಿಯನ್ನು ನಂಬಿದೆ, 'ತೃಪ್ತಿಕರ' ಎಂದು ಬರೆದು ಸಹಿ ಹಾಕಿದೆ.

ಅದು ತಪ್ಪು ಎಂದು ಅರ್ಥವಾಗಲು ಮೀನಿನ ರಸಾಯನವನ್ನು ಮತ್ತೆ ಮೊದಲಿಂದ ಓದಬೇಕಾಯಿತು. ಕಡಲ ಮೀನಿನ ಮಾಂಸದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತು ಇರುತ್ತದೆ. ಬ್ಯಾಕ್ಟೀರಿಯಾ ಅದನ್ನು ಒಡೆದಾಗಲೇ ನಮಗೆಲ್ಲ ಗೊತ್ತಿರುವ ಹಳಸಿದ ಮೀನಿನ ವಾಸನೆ ಬರುವುದು, ಟಿವಿಬಿ-ಎನ್ ಏರುವುದು. ಮೆಕಾಂಗ್ ನದಿಯ ಮುಖಜ ಭೂಮಿಯ ಹೊಂಡಗಳಲ್ಲಿ ಸಾಕುವ ಬಾಸಾ ಸಿಹಿನೀರಿನ ಮೀನು. ಅದರಲ್ಲಿ ಈ ವಸ್ತು ತೀರಾ ಕಡಿಮೆ. ಹಾಗಾಗಿ ಅದು ಕೆಟ್ಟರೂ ಈ ಅಳತೆ ಬಹಳ ತಡವಾಗಿ ಏರುತ್ತದೆ.

ಈಗ ಪೊಟ್ಟಣ ಮೇಜಿನ ಮೇಲೆ ಬಂದ ಕೂಡಲೇ ಈ ಮೀನಿನಲ್ಲಿ ಭಯಪಡಬೇಕಾದ್ದು ಏನು ಎಂದು ಮೊದಲು ಕಾಗದದ ಮೇಲೆ ಬರೆಯುತ್ತೇನೆ. ಬಂಗುಡೆ, ಬೂತಾಯಿ, ಟ್ಯೂನಾ ಬಂದರೆ ಹಿಸ್ಟಮಿನ್. ಸಾಕಿದ ಬಾಸಾ, ಸಿಗಡಿ ಬಂದರೆ ಔಷಧದ ಉಳಿಕೆ ಮತ್ತು ಸೇರಿಸಿದ ನೀರು. ಹೊಗೆ ಹಿಡಿಸಿದ ಸಾಲ್ಮನ್ ಆದರೆ ಲಿಸ್ಟೀರಿಯಾ. ಶಾರ್ಕ್, ದೊಡ್ಡ ಟ್ಯೂನಾ, ಮಾರ್ಲಿನ್‌ನಂಥ ಬೇಟೆಗಾರ ಮೀನಾದರೆ ಪಾದರಸ. ವಾಸನೆ, ಕಣ್ಣು, ಕಿವಿರು, ಮಾಂಸದ ಬಿಗಿ ಇವನ್ನು ನೋಡಿ ಬರೆದ ಟಿಪ್ಪಣಿ ಯಂತ್ರದ ಅಂಕಿಯ ಪಕ್ಕದಲ್ಲೇ ಇರಬೇಕು. ಎರಡಕ್ಕೂ ಹೊಂದಿಕೆಯಾಗದಿದ್ದರೆ ಅಂದು ಸಹಿ ಹಾಕುವುದಿಲ್ಲ.

2. ಒಂದು ಬಂಗುಡೆ ಇಡೀ ಪೆಟ್ಟಿಗೆಯ ಸಾಕ್ಷಿಯಲ್ಲ

ನನ್ನ ಅನುಭವದಲ್ಲಿ ಅತಿ ಹೆಚ್ಚು ಕಲಿಸಿದ್ದು, ಅತಿ ಹೆಚ್ಚು ನೋಯಿಸಿದ್ದೂ ಹಿಸ್ಟಮಿನ್. ಬಂಗುಡೆ, ಬೂತಾಯಿ, ಟ್ಯೂನಾಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಹಿಡಿದ ಮೇಲೆ ಐಸ್ ತಡವಾದರೆ ಕೆಲವು ಜಾತಿಯ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುತ್ತದೆ, ತಲೆನೋವು, ಮೈತುರಿಕೆ, ಎದೆ ಹೊಡೆದುಕೊಳ್ಳುವುದು, ಕೆಲವರಿಗೆ ವಾಂತಿ ಭೇದಿ. ಮನೆಯವರು 'ಮೀನು ಮೈಗೆ ಆಗಲಿಲ್ಲ' ಎಂದುಕೊಳ್ಳುತ್ತಾರೆ, ವೈದ್ಯರೂ ಎಷ್ಟೋ ಸಲ ಅಲರ್ಜಿ ಎಂದೇ ಬರೆಯುತ್ತಾರೆ. ಆಮೇಲೆ ಆ ವ್ಯಕ್ತಿ ಜೀವಮಾನವಿಡೀ ಬಂಗುಡೆ ಬಿಡುತ್ತಾನೆ. ತಪ್ಪು ಅವನ ಮೈಯದಲ್ಲ, ಆ ದಿನದ ಆ ಮೀನಿನದು. ಎಷ್ಟು ಕುದಿಸಿದರೂ ಹುರಿದರೂ ಹಿಸ್ಟಮಿನ್ ನಾಶವಾಗುವುದಿಲ್ಲ. ಡಬ್ಬಿಗೆ ತುಂಬುವಾಗಿನ ಶಾಖಕ್ಕೂ ಬಗ್ಗುವುದಿಲ್ಲ. ಮೀನಿನ ಹೊರರೂಪ, ವಾಸನೆ ಚೆನ್ನಾಗಿದ್ದಾಗಲೂ ಅದು ಒಳಗಿರಬಹುದು.

ನಾನು ಮಾಡಿದ್ದು ಇಷ್ಟು. ಹೆಪ್ಪುಗಟ್ಟಿದ ಬಂಗುಡೆಯ ಪೆಟ್ಟಿಗೆಯಿಂದ ಕೆಲವು ಮೀನು ತೆಗೆದು, ಮುಳ್ಳು ಬಿಡಿಸಿ, ಎಲ್ಲವನ್ನೂ ಒಟ್ಟಿಗೆ ಅರೆದು ಒಂದೇ ಮಾದರಿ ಮಾಡಿದೆ. ಖರ್ಚು ಉಳಿಯಿತು, ಸಮಯವೂ ಉಳಿಯಿತು. ಅಂಕಿ ಮಿತಿಯೊಳಗೆ ಬಂತು. ಅದೇ ಮೀನು ತಿಂದ ಮನೆಯೊಂದರಲ್ಲಿ ಇಬ್ಬರಿಗೆ ಮೈ ಕೆಂಪೇರಿ ತುರಿಕೆ ಎದ್ದಿತೆಂದು ಅಂಗಡಿಯವರು ಹೇಳಿಕಳಿಸಿದಾಗ ನಾನು ವರದಿ ತೋರಿಸಿ, ಮೀನು ಕಾರಣವಲ್ಲ ಎಂದು ವಾದಿಸಿದೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಿಸ್ಟಮಿನ್ ಮೀನಿನಿಂದ ಮೀನಿಗೆ ಒಂದೇ ಸಮನಾಗಿ ಹರಡಿರುವುದಿಲ್ಲ. ಬಲೆಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿದ್ದ ಮೀನು, ರಾಶಿಯ ನಡುವೆ ಐಸ್ ತಾಗದೆ ಉಳಿದ ಮೀನು ತನ್ನ ಪಕ್ಕದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಹೊತ್ತಿರಬಹುದು. ಒಂದೇ ಮೀನಿನಲ್ಲೂ ತಲೆ ಮತ್ತು ಹೊಟ್ಟೆಯ ಕಡೆಯ ಮಾಂಸದಲ್ಲಿ ಹೆಚ್ಚು, ಬಾಲದ ಕಡೆ ಕಡಿಮೆ ಇರುವುದುಂಟು. ಲೆಕ್ಕ ಹಾಕಿ ನೋಡಿ: ಎಂಟು ಮೀನಿನಲ್ಲಿ ಕಿಲೋಗೆ 20 ಮಿಲಿಗ್ರಾಂ, ಒಂಬತ್ತನೆಯದರಲ್ಲಿ 900 ಇದೆ ಎಂದುಕೊಳ್ಳೋಣ. ಎಲ್ಲವನ್ನೂ ಅರೆದು ಬೆರೆಸಿದರೆ ಸರಾಸರಿ 118ರ ಹತ್ತಿರ ಬರುತ್ತದೆ. 200ರ ಮಿತಿ ನೋಡುವವನಿಗೆ ಅದು ಪಾಸು. ಆ ಒಂಬತ್ತನೆಯ ಮೀನು ಯಾರ ತಟ್ಟೆಗೆ ಬಿತ್ತೋ ಅವರಿಗೆ ಸರಾಸರಿಯಿಂದ ಏನೂ ಆಗಬೇಕಾದ್ದಿಲ್ಲ.

ಐರೋಪ್ಯ ನಿಯಮ ಒಂದು ಲಾಟಿನಿಂದ ಒಂಬತ್ತು ಬಿಡಿ ಮಾದರಿ ಕೇಳುವುದು ಈ ಕಾರಣಕ್ಕೆ. ಒಂಬತ್ತರಲ್ಲಿ ಎರಡು ಮಾತ್ರ 100ರಿಂದ 200ರ ನಡುವೆ ಇರಬಹುದು, ಒಂದೂ 200 ದಾಟಬಾರದು. ಮೊದಲು ನನಗೆ ಇದು ದುಂದು ಅನಿಸಿತ್ತು. ಈಗ ಗ್ರಾಹಕರು ಒಂದೇ ಮಾದರಿಗೆ ಹಣ ಕೊಡುತ್ತೇನೆಂದರೆ, ಬಂಗುಡೆಗೆ ಹಿಸ್ಟಮಿನ್ ಪರೀಕ್ಷೆ ಮಾಡಿಕೊಡಲು ಆಗದು ಎಂದು ನೇರವಾಗಿ ಹೇಳುತ್ತೇನೆ. ಅರೆಬರೆ ಪರೀಕ್ಷೆ ಕೊಡುವ ಧೈರ್ಯ ಸುಳ್ಳು ಧೈರ್ಯ, ಅದಕ್ಕಿಂತ ಪರೀಕ್ಷೆಯೇ ಇಲ್ಲದಿದ್ದರೆ ಜನ ಎಚ್ಚರವಾಗಿಯಾದರೂ ಇರುತ್ತಾರೆ.

3. ಮೀನು ನಮ್ಮ ಮೇಜಿನ ಮೇಲೂ ಕೆಡುತ್ತದೆ

ಸಂಜೆ ಬಂದ ಹೆಪ್ಪುಗಟ್ಟಿದ ಮಾದರಿಯನ್ನು ಬೆಳಗ್ಗೆಗೆ ಕರಗಿರಲಿ ಎಂದು ಟ್ರೇಯಲ್ಲಿಟ್ಟು ಮನೆಗೆ ಹೋಗುವ ಅಭ್ಯಾಸ ನಮ್ಮ ಲ್ಯಾಬಿನಲ್ಲಿ ಇತ್ತು. ಅದನ್ನು ನಾನೂ ಮಾಡಿದ್ದೇನೆ, ಕಿರಿಯರಿಗೆ ಹೇಳಿಯೂ ಕೊಟ್ಟಿದ್ದೇನೆ. ಹೀಗೆ ಕರಗಿಸಿದ ಒಂದು ಲಾಟಿನಲ್ಲಿ ಹಿಸ್ಟಮಿನ್ ಮಿತಿ ಮೀರಿ ಬಂತು. ಆಮದುದಾರರು ಉಳಿದ ಭಾಗವನ್ನು ಬೇರೆ ಕಡೆ ಪರೀಕ್ಷಿಸಿದರು, ಅಲ್ಲಿ ಬಹಳ ಕಡಿಮೆ. ಜಗಳವಾಯಿತು. ಕೊನೆಗೆ ಎರಡೂ ಲ್ಯಾಬಿನವರು ಹಂತ ಹಂತವಾಗಿ ಬರೆದಿಟ್ಟದ್ದನ್ನು ಎದುರೆದುರು ಇಟ್ಟು ನೋಡಿದಾಗ ವ್ಯತ್ಯಾಸ ಇದ್ದದ್ದು ಆ ಒಂದು ರಾತ್ರಿಯಲ್ಲಿ.

ಘನೀಕರಿಸಿದರೆ ಬ್ಯಾಕ್ಟೀರಿಯಾಗಳಲ್ಲಿ ಎಷ್ಟೋ ಸಾಯುತ್ತವೆ. ಅವು ಆಗಲೇ ಉತ್ಪಾದಿಸಿಟ್ಟ ಕಿಣ್ವ ಸಾಯುವುದಿಲ್ಲ. ಮೀನು ಕರಗಿ ಬೆಚ್ಚಗಾದ ಕೂಡಲೇ ಅದು ನಿಲ್ಲಿಸಿದ ಕೆಲಸವನ್ನು ಮತ್ತೆ ಶುರು ಮಾಡುತ್ತದೆ. ಬೆಂಗಳೂರಿನ ಚಳಿಗಾಲದ ರಾತ್ರಿಯೂ ಅದಕ್ಕೆ ಸಾಕಷ್ಟು ಬೆಚ್ಚಗೆ. ಈಗ ಮಾದರಿಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಹರಿಯುವ ತಣ್ಣೀರಿನಲ್ಲಿ ಬೇಗ ಕರಗಿಸುತ್ತೇವೆ, ಇಲ್ಲವೇ ರೆಫ್ರಿಜರೇಟರಿನಲ್ಲಿ 4 ಡಿಗ್ರಿಯ ಕೆಳಗೆ; ಅರ್ಧ ಕರಗಿದಾಗಲೇ ಕತ್ತರಿಸಿ ತೂಗುತ್ತೇವೆ. ಮನೆಯಲ್ಲೂ ಇದೇ ಸರಿ. ಬೆಳಗ್ಗೆ ಬಂಗುಡೆಯನ್ನು ಸಿಂಕಿನಲ್ಲಿ ಹಾಕಿ ಕೆಲಸಕ್ಕೆ ಹೋಗಿ ಸಂಜೆ ಬಂದು ಸಾರು ಮಾಡುವವರು ನನ್ನ ನೆಂಟರಲ್ಲೇ ಇದ್ದಾರೆ, ಅವರಿಗೆ ಹೇಳುತ್ತಲೇ ಇದ್ದೇನೆ.

4. ಬಣ್ಣ ಹೋದ ಮಾತ್ರಕ್ಕೆ ಔಷಧ ಹೋಗಿಲ್ಲ

ಮ್ಯಾಲಕೈಟ್ ಗ್ರೀನ್ ಬಟ್ಟೆಗೆ ಹಾಕುವ ಹಸಿರು ಬಣ್ಣ. ಮೀನಿನ ಮೈಮೇಲಿನ ಬೂಷ್ಟು, ಪರೋಪಜೀವಿಗಳನ್ನು ಕೊಲ್ಲುತ್ತದೆಂದು ಸಾಕಣೆಯಲ್ಲಿ ಬಳಕೆಗೆ ಬಂತು, ಕ್ಯಾನ್ಸರ್ ತರಬಹುದೆಂಬ ಅನುಮಾನದ ಮೇಲೆ ತಿನ್ನುವ ಮೀನಿಗೆ ಬಹುತೇಕ ಎಲ್ಲೆಡೆ ನಿಷೇಧವಾಯಿತು. ನಾನು ಮೊದಮೊದಲು ಈ ಹಸಿರನ್ನಷ್ಟೇ ಹುಡುಕುತ್ತಿದ್ದೆ. ಬಾಸಾದ ಮಾದರಿಗಳಲ್ಲಿ ಸಿಗಲಿಲ್ಲ, 'ಪತ್ತೆಯಾಗಿಲ್ಲ' ಎಂದು ಬರೆಯುತ್ತಾ ಹೋದೆ. ಮೀನಿನ ದೇಹ ಆ ಹಸಿರನ್ನು ಬೇಗನೆ ಬಣ್ಣವಿಲ್ಲದ ಇನ್ನೊಂದು ರೂಪಕ್ಕೆ, ಲ್ಯೂಕೋ ಮ್ಯಾಲಕೈಟ್ ಗ್ರೀನ್‌ಗೆ ಬದಲಿಸಿ ಕೊಬ್ಬಿನಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿ ಅದು ತಿಂಗಳುಗಟ್ಟಲೆ ಉಳಿಯಬಲ್ಲದು. ತೆಗೆದಿಟ್ಟಿದ್ದ ಹಳೆಯ ಮಾದರಿಗಳನ್ನು ಎರಡೂ ರೂಪ ಅಳೆಯುವ ವಿಧಾನದಲ್ಲಿ ಮತ್ತೆ ನೋಡಿದಾಗ ಕೆಲವು ನನ್ನ ಬರಹವನ್ನು ಸುಳ್ಳಾಗಿಸಿದವು. ಆ ಹಳೆಯ ಗ್ರಾಹಕರಿಗೆ ಪತ್ರ ಬರೆದು ತಿದ್ದಿದ ವರದಿ ಕಳಿಸಿದೆವು. ಒಬ್ಬರು ಕೋಪಗೊಂಡು ನಮ್ಮನ್ನು ಬಿಟ್ಟರು, ಅದು ಅವರ ಹಕ್ಕು.

ನೈಟ್ರೋಫ್ಯುರಾನ್ ಎಂಬ ಪ್ರತಿಜೀವಕಗಳ ಕತೆಯೂ ಇದೇ. ಮೂಲ ಔಷಧ ಕೆಲವೇ ದಿನಗಳಲ್ಲಿ ಕಾಣೆಯಾಗುತ್ತದೆ, ಅದರ ಅವಶೇಷ ಮಾಂಸದ ಪ್ರೋಟೀನಿಗೆ ಅಂಟಿಕೊಂಡು ಉಳಿಯುತ್ತದೆ. ಆಮ್ಲದಲ್ಲಿ ರಾತ್ರಿಯಿಡೀ ಇಟ್ಟು ಅದನ್ನು ಬಿಡಿಸದೆ ಅಳೆದರೆ ಏನೂ ಸಿಗುವುದಿಲ್ಲ. ಇವುಗಳಿಗೆ ಐರೋಪ್ಯ ಒಕ್ಕೂಟ 2022ರ ಕೊನೆಯಿಂದ ಕಿಲೋಗೆ 0.5 ಮೈಕ್ರೋಗ್ರಾಂ ಎಂಬ ಗೆರೆ ಎಳೆದಿದೆ. ಅಷ್ಟು ಸಣ್ಣದನ್ನು ಅಳೆಯಲು ದೊಡ್ಡ ಯಂತ್ರ ಬೇಕು, ನಿಜ. ಯಂತ್ರ ಕೊಳ್ಳುವ ಮೊದಲು ಯಾವ ರೂಪವನ್ನು ಹುಡುಕಬೇಕೆಂದು ತಿಳಿದಿರಬೇಕು.

5. ನೀರಿಗೆ ಹಣ ಕೊಡುತ್ತಿದ್ದೇವೆಯೇ ಎಂದು ಅಳೆಯುವುದಕ್ಕೂ ಒಂದು ಕ್ರಮವಿದೆ

ಹೆಪ್ಪುಗಟ್ಟಿದ ಮೀನಿನ ತುಂಡಿನ ಮೇಲೆ ತೆಳ್ಳಗೆ ಐಸಿನ ಪದರ ಹಾಕುತ್ತಾರೆ, ಗ್ಲೇಜ್ ಎನ್ನುತ್ತಾರೆ. ಗಾಳಿ ತಾಗಿ ಮಾಂಸ ಒಣಗದಿರಲು ಅದು ಬೇಕು. ಅದನ್ನು ದಪ್ಪ ಮಾಡಿ ಮೀನಿನ ದರಕ್ಕೆ ನೀರು ಮಾರುವುದು ಮೋಸ. ಇದನ್ನು ಹಿಡಿಯುವ ಉತ್ಸಾಹದಲ್ಲಿ ನಾನು ಬಾಸಾ ಪೊಟ್ಟಣ ತೂಗಿ, ಪೂರ್ತಿ ಕರಗಿಸಿ, ನೀರು ಬಸಿದು ಮತ್ತೆ ತೂಗಿದೆ. ಕಳೆದುಹೋದ ತೂಕವನ್ನೆಲ್ಲ ಗ್ಲೇಜ್ ಎಂದು ಬರೆದೆ. ಆ ಅಂಗಡಿಯವರು ಸಗಟು ವ್ಯಾಪಾರಿಯ ಜೊತೆ ವ್ಯವಹಾರವನ್ನೇ ಮುರಿದುಕೊಂಡರು. ಕರಗುವಾಗ ಮಾಂಸದ ಒಳಗಿನ ನೀರೂ ಸೋರುತ್ತದೆ, ಅದು ಗ್ಲೇಜ್ ಅಲ್ಲ. ಈ ಎರಡನ್ನೂ ನಾನು ಕೂಡಿಸಿಬಿಟ್ಟಿದ್ದೆ. ಸರಿಯಾದ ವಿಧಾನದಲ್ಲಿ ತುಂಡು ಇನ್ನೂ ಗಟ್ಟಿಯಾಗಿರುವಾಗಲೇ ತಣ್ಣೀರು ಸಿಂಪಡಿಸಿ, ಬೆರಳಿಗೆ ಐಸಿನ ನುಣುಪು ಹೋಗಿ ಮಾಂಸದ ಒರಟು ತಾಗಿದ ತಕ್ಷಣ ಒರೆಸಿ ತೂಗಬೇಕು. ಆ ಸಗಟು ವ್ಯಾಪಾರಿಯ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಮುರಿದ ವ್ಯವಹಾರ ಮಾತ್ರ ಮತ್ತೆ ಕೂಡಲಿಲ್ಲ.

ಗ್ಲೇಜ್ ಸರಿಯಿದ್ದೂ ನೀರು ಹೆಚ್ಚಿರಬಹುದು. ಪಾಲಿಫಾಸ್ಫೇಟ್ ದ್ರಾವಣದಲ್ಲಿ ನೆನೆಸಿದ ಮಾಂಸ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಾಣಲೆಗೆ ಹಾಕಿದಾಗ ಹುರಿಯುವ ಬದಲು ಬೇಯತೊಡಗುತ್ತದೆ. ಅದಕ್ಕೆ ತೇವಾಂಶ, ಪ್ರೋಟೀನ್ ಎರಡನ್ನೂ ಅಳೆದು ಹೋಲಿಸಬೇಕು. ಸಮಸ್ಯೆ ಬೆಳೆಯುವ ದೇಶಕ್ಕೂ ಗೊತ್ತು. ವಿಯೆಟ್ನಾಂ ಸರಕಾರ 2014ರಲ್ಲಿ ರಫ್ತಿನ ಬಾಸಾ ತುಂಡುಗಳಿಗೆ ಗ್ಲೇಜ್ ಶೇಕಡಾ 10, ತೇವಾಂಶ ಶೇಕಡಾ 83 ಮೀರಬಾರದೆಂದು ಆದೇಶ ಹೊರಡಿಸಿತ್ತು. ರಫ್ತುದಾರರು ವಿರೋಧಿಸಿದರು, 2017ರಲ್ಲಿ ಬೇರೆ ಆದೇಶ ಬಂತು. ನೀರಿನಿಂದ ಆರೋಗ್ಯ ಕೆಡುವುದಿಲ್ಲ, ಆದರೆ ತಿಂಗಳ ಲೆಕ್ಕದಲ್ಲಿ ಮಕ್ಕಳಿಗೆ ಮೀನು ತರುವ ಮನೆಯ ಹಣ ಅದು. ಸಣ್ಣ ವಿಷಯವೆಂದು ನಾನು ಬಿಡಲಾರೆ.

6. ಪಟ್ಟಿಯ ಬಣ್ಣ ತೀರ್ಪಲ್ಲ

2018ರ ಮಳೆಗಾಲ ನಮ್ಮ ಕ್ಷೇತ್ರದವರಿಗೆ ಮರೆಯುವಂಥದ್ದಲ್ಲ. ಕೇರಳದಲ್ಲಿ 'ಆಪರೇಷನ್ ಸಾಗರ್ ರಾಣಿ' ಎಂಬ ತಪಾಸಣೆಯಲ್ಲಿ ಫಾರ್ಮಾಲಿನ್ ಬೆರೆತ ಮೀನು ಸಿಕ್ಕಿತು. ಗೋವಾ ಹೊರಗಿನಿಂದ ಬರುವ ಮೀನಿಗೆ ತಡೆ ಹಾಕಿತು. ಆ ವರ್ಷದ ಕೊನೆಗೆ ಕಾರವಾರದ ಕಡೆಯ ಲಾರಿಗಳೂ ಗಡಿಯಲ್ಲಿ ನಿಂತವು. ಶವ ಕೆಡದಂತೆ ಇಡುವ ರಾಸಾಯನಿಕ ಮೀನಿನಲ್ಲಿದೆ ಎಂದ ಮೇಲೆ ಜನ ಹೆದರಿದ್ದು ಸಹಜ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ತಯಾರಿಸಿದ ಪರೀಕ್ಷಾ ಪಟ್ಟಿ ಆಗ ಬಹಳ ಕೆಲಸಕ್ಕೆ ಬಂತು. ಮೀನಿನ ಮೇಲೆ ಉಜ್ಜಿ ದ್ರಾವಣದ ಹನಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಬಣ್ಣ ತೋರಿಸುತ್ತದೆ.

ಅಂಥ ಪಟ್ಟಿ ಹಿಡಿದು ನಾನೂ ಒಂದು ಮಾರುಕಟ್ಟೆಗೆ ಹೋದೆ. ಹೊರಗಿಂದ ಬಂದ ಮೀನಿನ ಬುಟ್ಟಿಗಳನ್ನು ನೋಡುತ್ತಾ, ವಯಸ್ಸಾದ ಒಬ್ಬ ಹೆಂಗಸು ಮಾರುತ್ತಿದ್ದ ಬೊಂಬಿಲಿಗೂ ಉಜ್ಜಿದೆ. ಬಣ್ಣ ಬಂತು. ಸುತ್ತ ಜನ ಸೇರಿದ್ದರು. "ಎಂಥದು ಮಾರಾಯ್ರೇ ಇದು, ನಾನು ಐಸ್ ಬಿಟ್ಟು ಬೇರೆ ಏನೂ ಹಾಕಲಿಲ್ಲ" ಎಂದು ಅವರು ಕೇಳಿದರು. ಪಟ್ಟಿ ಹೇಳುತ್ತಿದೆ ಅಕ್ಕ, ನಾನೇನು ಮಾಡಲಿ ಎಂದೆ. ಬುಟ್ಟಿ ಪೂರ್ತಿ ಹೋಯಿತು, ಆ ದಿನ ಅವರ ಹತ್ತಿರ ಬೇರೆ ಮೀನನ್ನೂ ಯಾರೂ ಕೊಳ್ಳಲಿಲ್ಲ.

ಬೊಂಬಿಲ್, ಹಾಗೆಯೇ ಕಾಡ್, ಹೇಕ್, ಪೊಲಾಕ್ ಗುಂಪಿನ ವಿದೇಶಿ ಮೀನುಗಳ ಮಾಂಸದಲ್ಲಿ ಯಾರೂ ಏನೂ ಬೆರೆಸದೆಯೂ, ಫಾರ್ಮಾಲಿನ್‌ನಲ್ಲಿರುವ ಅದೇ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಮೊದಲ ಪಾಠದಲ್ಲಿ ಹೇಳಿದ ಟ್ರೈಮೀಥೈಲಮೀನ್ ಆಕ್ಸೈಡನ್ನು ಈ ಮೀನುಗಳದೇ ಒಂದು ಕಿಣ್ವ ಒಡೆಯುತ್ತದೆ. ಹೆಪ್ಪುಗಟ್ಟಿಸಿ ಇಟ್ಟಾಗಲೂ ಅದು ನಿಧಾನವಾಗಿ ನಡೆಯುತ್ತಿರುತ್ತದೆ. ಪೊಲಾಕ್‌ನಿಂದ ಮಾಡಿದ ಆಮದು ಫಿಶ್ ಫಿಂಗರ್‌ಗಳಲ್ಲೂ ಇದನ್ನು ನೆನಪಿಡಬೇಕು. ಫಾರ್ಮಾಲ್ಡಿಹೈಡ್‌ಗೆ ಎಲ್ಲ ಮೀನಿಗೂ ಒಂದೇ ಗೆರೆ ಎಳೆಯಲಾಗದು. ಪಟ್ಟಿ ಎಲ್ಲಿ ಅನುಮಾನಿಸಬೇಕೆಂದು ತೋರಿಸುತ್ತದೆ. ತೀರ್ಪಿಗೆ ಮೀನಿನ ಜಾತಿ ತಿಳಿದು, ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಪ್ರಮಾಣ ಅಳೆದು, ಆ ಜಾತಿಯ ಸಹಜ ಪ್ರಮಾಣದ ಜೊತೆ ಹೋಲಿಸಬೇಕು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಮಾದರಿಯನ್ನು ನಾಲ್ಕು ಭಾಗ ಮಾಡಲು ಹೇಳುತ್ತದೆ. ಮಾರುವವರು ಕೇಳಿಕೊಂಡರೆ ಒಂದು ಭಾಗ ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ ಹೋಗಬೇಕು. ಆ ಅಕ್ಕನಿಗೆ ಈ ಹಕ್ಕಿನ ಬಗ್ಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ನಂತರ ಹೋಗಿ ಕ್ಷಮೆ ಕೇಳಿ, ಜನರ ಮುಂದೆಯೇ ನಿಂತು ಅವರ ಮೀನಿನಲ್ಲಿ ತಪ್ಪಿರಲಿಲ್ಲ ಎಂದು ಹೇಳಿದೆ. ಈಗ ಮಾರುಕಟ್ಟೆಯಲ್ಲಿ ಪಟ್ಟಿ ಬಳಸಬೇಕಾದರೆ ಮೀನನ್ನು ಪಕ್ಕಕ್ಕೆ ತಂದು ಬಳಸುತ್ತೇನೆ, ಬಣ್ಣ ಬಂದರೆ ಮಾದರಿ ತೆಗೆದುಕೊಂಡು ಬರುತ್ತೇನೆ, ಅಲ್ಲಿ ಬಾಯಿ ಬಿಡುವುದಿಲ್ಲ. ಹಿಂಗೆ ಮಾಡಿದರೆ ನಿಜವಾಗಿ ಫಾರ್ಮಾಲಿನ್ ಹಾಕುವವರು ತಪ್ಪಿಸಿಕೊಳ್ಳುತ್ತಾರಲ್ಲ ಎಂದು ಕಿರಿಯ ಸಹೋದ್ಯೋಗಿ ಕೇಳಿದಳು. ಅವರನ್ನು ಹಿಡಿಯಲು ಗಟ್ಟಿ ಸಾಕ್ಷ್ಯ ಬೇಕು, ಹತ್ತು ನಿಮಿಷದ ಗುಂಪು ಸಾಕ್ಷ್ಯವಾಗುವುದಿಲ್ಲ ಎಂದೆ.

7. ಹೊಗೆ ಸಾಲ್ಮನ್‌ಗೆ ಕೊನೆಯ ದಿನವೂ ಪರೀಕ್ಷೆ ಬೇಕು

ಲಿಸ್ಟೀರಿಯಾ ರೆಫ್ರಿಜರೇಟರಿನ ತಂಪಿನಲ್ಲೂ ಬೆಳೆಯುತ್ತದೆ. ಕೊಂಡ ದಿನ ಪರೀಕ್ಷಿಸಿ ಗ್ರಾಮಿಗೆ 100ಕ್ಕಿಂತ ಕಡಿಮೆ ಇದೆ ಎಂದು ನಾನು ಪಾಸು ಮಾಡಿದ ಪೊಟ್ಟಣಗಳ ಜೊತೆ ಬಂದ ಬೇರೆ ಪೊಟ್ಟಣಗಳನ್ನು 'ಇದರೊಳಗೆ ಬಳಸಿ' ಎಂಬ ದಿನದ ತನಕ ಇಟ್ಟು ನೋಡಿದಾಗ ಎಣಿಕೆ ಗೆರೆ ದಾಟಿತ್ತು. ಬೇಯಿಸದೆ ತಿನ್ನುವ ಮೀನಿದು, ಗರ್ಭಿಣಿಯರಿಗೆ ಈ ಬ್ಯಾಕ್ಟೀರಿಯಾ ಬಲು ಅಪಾಯ. ಈಗ ಎರಡು ದಿನದ ಅಂಕಿಗಳಿಲ್ಲದೆ ವರದಿ ಕೊಡುವುದಿಲ್ಲ.

8. ಅಂಗಡಿಯ ಫ್ರೀಜರನ್ನೂ ಪರೀಕ್ಷಿಸಿ

ಬಹಳ ಕಾಲ ನಾನು ಫ್ರೀಜರಿನ ಹೊರಗಿನ ಫಲಕದಲ್ಲಿ ಕಾಣುವ ಮೈನಸ್ 18ನ್ನು ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಅದು ಒಳಗಿನ ಗಾಳಿಯ ಉಷ್ಣಾಂಶ, ಅದೂ ಸೆನ್ಸರ್ ಇರುವ ಒಂದು ಮೂಲೆಯದು. ಮೇಲಿನ ಗೆರೆ ದಾಟಿ ಪೇರಿಸಿದ ಪೊಟ್ಟಣಗಳ ನಡುವೆ ತೆಳುವಾದ ಥರ್ಮಾಮೀಟರ್ ತೂರಿಸಿ ನೋಡಿದಾಗ ಬೇರೆಯೇ ಅಂಕಿ. ಹಡಗಿನಲ್ಲಿ, ಬಂದರಿನ ಕೋಲ್ಡ್ ಸ್ಟೋರೇಜಿನಲ್ಲಿ, ಲಾರಿಯಲ್ಲಿ ಸಾವಿರಾರು ಕಿಲೋಮೀಟರ್ ತಣ್ಣಗೆ ಬಂದ ಮೀನು ಕೊನೆಯ ಹತ್ತು ಮೀಟರಿನಲ್ಲಿ ಕೆಡುವುದನ್ನು ನೋಡಿದ್ದೇನೆ. ಕರೆಂಟು ಹೋದಾಗ, ಬಿಲ್ಲು ಉಳಿಸಲು ರಾತ್ರಿ ಆರಿಸಿದಾಗ, ಪೆಟ್ಟಿಗೆ ಇಳಿಸಿ ಬಿಲ್ಲಿಗಾಗಿ ನೆಲದ ಮೇಲೆ ಬಿಟ್ಟಾಗ ಹೀಗಾಗುತ್ತದೆ.

ಕೊಳ್ಳುವವರು ಥರ್ಮಾಮೀಟರ್ ಇಲ್ಲದೆಯೂ ಒಂದಿಷ್ಟು ನೋಡಬಹುದು. ಚೀಲದೊಳಗೆ ಹರಳು ಹರಳಾಗಿ ಐಸ್ ಸೇರಿದ್ದರೆ, ತುಂಡುಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದರೆ, ಅಂಚು ಬಿಳಿಚಿ ಒಣಗಿದ್ದರೆ ಅದನ್ನು ಸರಿಯಾಗಿ ಇಟ್ಟಿರಲಿಲ್ಲ, ಕರಗಿ ಮತ್ತೆ ಹೆಪ್ಪುಗಟ್ಟಿರಲೂಬಹುದು ಎಂದು ತಿಳಿಯಿರಿ. ಆಮದು ಪೊಟ್ಟಣದ ಮೇಲೆ ಮೂಲ ದೇಶ, ಆಮದುದಾರರ ಹೆಸರು ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಬೇಕು. ಬಂದರಿನಲ್ಲಿ ಬಿಡುಗಡೆಯಾಗುವಾಗ ಬಾಳಿಕೆಯ ಶೇಕಡಾ 60 ಅಥವಾ ಮೂರು ತಿಂಗಳು, ಎರಡರಲ್ಲಿ ಕಡಿಮೆ ಯಾವುದೋ ಅಷ್ಟಾದರೂ ಉಳಿದಿರಬೇಕೆಂಬ ನಿಯಮವಿದೆ. ದಿನಾಂಕದ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಕೊಳ್ಳಬೇಡಿ.

ಅಂಗಡಿಯವರ ಜೊತೆ ಜಗಳಕ್ಕೆ ಹೋದರೆ ಮುಂದಿನ ಸಲ ಅವರು ಫ್ರೀಜರ್ ತೆರೆಯಲು ಬಿಡುವುದಿಲ್ಲ ಎಂಬುದನ್ನೂ ಕಲಿತೆ. ಅದಕ್ಕೇ ಥರ್ಮಾಮೀಟರನ್ನು ಅವರ ಕೈಗೇ ಕೊಟ್ಟು ನೀವೇ ನೋಡಿ ಎನ್ನುತ್ತೇನೆ. ಬಹಳ ಮಂದಿ ಅಲ್ಲಿಯೇ ಪೊಟ್ಟಣಗಳನ್ನು ಕೆಳಗಿಳಿಸಿ ಜೋಡಿಸಿಕೊಳ್ಳುತ್ತಾರೆ.

9. ತಲೆ, ಚರ್ಮ ಇಲ್ಲದ ಮೀನಿನ ಹೆಸರನ್ನು ನಂಬಬೇಡಿ

ಬಂಗುಡೆಯನ್ನು ಇಡಿಯಾಗಿ ನೋಡಿದರೆ ಕರಾವಳಿಯ ಮಗುವೂ ಗುರುತಿಸುತ್ತದೆ. ಬಿಳಿ ತುಂಡಾಗಿ ಬಂದ ಮೀನನ್ನು ಗುರುತಿಸಬಲ್ಲೆ ಎಂದು ನಾನೂ ನಂಬಿದ್ದೆ, ತಪ್ಪಿದ್ದೆ. ಕೋಲ್ಕತ್ತದಲ್ಲಿ ಭೇಟ್ಕಿ ಎಂಬ ಮೀನಿನ ಹೆಸರಿನಲ್ಲಿ ಬಾಸಾ ಮಾರಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಈಗ ಅನುಮಾನ ಬಂದರೆ ಸಣ್ಣ ಚೂರನ್ನು ಡಿಎನ್‌ಎ ಬಾರ್‌ಕೋಡಿಂಗ್‌ಗೆ ಕಳಿಸುತ್ತೇನೆ. ಮೈಟೊಕಾಂಡ್ರಿಯಾದ ಸಿಒಐ ಎಂಬ ಜೀನಿನ ಒಂದು ತುಣುಕು ಓದಿದರೆ ಜಾತಿ ತಿಳಿಯುತ್ತದೆ. ಜಾತಿ ತಪ್ಪಿದ್ದರೆ ಮೊದಲ ಪಾಠದ ಪ್ರಶ್ನೆಯೂ ತಪ್ಪಿರುತ್ತದೆ, ಬೇರೆ ಮೀನಿನ ಪರೀಕ್ಷೆಯನ್ನು ಇದಕ್ಕೆ ಮಾಡಿರುತ್ತೇವೆ.

10. 'ಪತ್ತೆಯಾಗಿಲ್ಲ' ಎಂದಷ್ಟೇ ಬರೆದು ಬಿಡಬೇಡಿ

ನನ್ನ ಹಳೆಯ ವರದಿಗಳಲ್ಲಿ ಈ ಪದ ತುಂಬಿತ್ತು. ಎಷ್ಟರ ತನಕ ಹುಡುಕಿದೆ ಎಂದು ಬರೆದಿರಲಿಲ್ಲ. ಓದಿದವರು ಅದನ್ನು 'ಇಲ್ಲ' ಎಂದೇ ಓದಿದರು. ಒಂದು ಅಂಗಡಿಯಂತೂ ನನ್ನ ವರದಿಯನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಿ, ತಮ್ಮ ಎಲ್ಲ ಮೀನೂ ರಾಸಾಯನಿಕಮುಕ್ತ ಎಂದು ಬರೆದುಕೊಂಡಿತು. ನಾನು ನೋಡಿದ್ದು ಒಂದು ಬ್ಯಾಚಿನ ಬಾಸಾವನ್ನು. ಈಗ ವರದಿಯ ಮೊದಲ ಸಾಲಿನಲ್ಲೇ ಯಾವ ಬ್ಯಾಚು, ಎಷ್ಟು ಮಾದರಿ, ಯಾವ ಯಾವ ವಸ್ತುವನ್ನು ಎಷ್ಟು ಸಣ್ಣ ಪ್ರಮಾಣದ ತನಕ ಹುಡುಕಿದೆ, ಯಾವುದನ್ನು ಹುಡುಕಲಿಲ್ಲ ಎಂದು ಕನ್ನಡದಲ್ಲೇ ಬರೆಯುತ್ತೇನೆ. ಕೊನೆಯದೇ ಮುಖ್ಯ.

ಇನ್ನೂ ಒಂದು ಕೊರತೆಗೆ ನನ್ನಲ್ಲಿ ಪರಿಹಾರವಿಲ್ಲ. ಕಾಯಿದೆ ವಿಶ್ಲೇಷಕರಿಗೆ ವರದಿ ಕೊಡಲು 14 ದಿನ ಕೊಡುತ್ತದೆ. ಮಾರುಕಟ್ಟೆಯ ಬಂಗುಡೆ ಆ ಹೊತ್ತಿಗೆ ಯಾರದೋ ಮನೆಯಲ್ಲಿ ಸಾರಾಗಿ ಮುಗಿದಿರುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಆಮದುದಾರರ ಕೋಲ್ಡ್ ಸ್ಟೋರೇಜಿಗೆ ಹೋಗಿ, ಮೀನು ಬುಟ್ಟಿಗೆ ಇಳಿಯುವ ಮೊದಲೇ ಲಾಟಿಗೆ ಒಂಬತ್ತು ಮೀನು ತೆಗೆಯಲು ಅನುಮತಿ ಕೇಳುತ್ತಿದ್ದೇವೆ. ಕೆಲವರು ಕೊಡುತ್ತಾರೆ, ಕೆಲವರು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಹಿಸ್ಟಮಿನ್ ಬೇಗ ನೋಡಬಲ್ಲ ಕಿಟ್‌ಗಳು ಈಗ ಇವೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ, ಕಲಿತ ಮಕ್ಕಳಿದ್ದಾರೆ. ಮೀನು ಬಂದರಿನ ಧಕ್ಕೆಯ ಹತ್ತಿರ ಒಂದು ಸಣ್ಣ ಕೋಣೆ, ಒಂದು ರೆಫ್ರಿಜರೇಟರ್, ಇಬ್ಬರು ಹುಡುಗರು ಇದ್ದರೆ ಬೆಳಗ್ಗೆ ಇಳಿದ ಪೆಟ್ಟಿಗೆಯ ಫಲಿತಾಂಶ ಮಧ್ಯಾಹ್ನದೊಳಗೆ ಮಾರುವವರ ಕೈಗೆ ಸಿಗುತ್ತದೆ. ಇದನ್ನು ಕೇಳಿಕೊಂಡು ಸಂಬಂಧಪಟ್ಟವರಿಗೆ ಪತ್ರ ಕೊಟ್ಟಿದ್ದೇವೆ, ಮುಂದಿನ ಜೂನ್ ಒಳಗೆ ಆಗಬೇಕೆಂದು ಮತ್ತೆ ಮತ್ತೆ ಹೋಗಿ ಕೇಳುತ್ತಿದ್ದೇವೆ.